ಕ್ಯಾಮೆರಾದಲ್ಲಿ ಫೋಟೋ ಸರಿಯಾಗಿ ಬರ್ತದೆ, ವಿಡಿಯೋ ಮಾತ್ರ ಐದಾರು ಸೆಕೆಂಡಿಗೆ ನಿಲ್ತದೆ. ಬೋರ್ಡ್ ಹೋಗಿದೆಯಂತೆ, ಹೌದಾ?

ಚಂಡೆಪೆಟ್ಟು:

ಹ್ವಾಯ್, ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಬದಿಯವ. ನನ್ನ ಹತ್ರ ಇರುವುದು 18 ಮೆಗಾಪಿಕ್ಸೆಲ್‌ನ ಒಂದು ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸುವಂಥ ಕ್ಯಾಮೆರಾ), 2012ರ ಮಾದರಿ. ಭಾವ ಅಮೆರಿಕದಲ್ಲಿ ತೆಗೊಂಡದ್ದು, ಅವ ಹೊಸತು ಮಾಡಿದ ಮೇಲೆ ಇದು ನಮ್ಮ ಮನೆಗೆ ಬಂತು. ಕಂಪನಿ ಹೆಸರು ಬೇಕಂತಲೇ ಹಾಕಲಿಲ್ಲ. ಹೋದ ಸಲ ಇಲ್ಲಿ ಒಬ್ಬರು ಲೆನ್ಸ್ ಬಗ್ಗೆ ಕೇಳಿದ್ದಕ್ಕೆ ಎರಡು ಕಂಪನಿಯ ಭಕ್ತರು ಹೊಡೆದಾಡಿಕೊಂಡು, ಕೊನೆಗೆ ಲೆನ್ಸಿನ ವಿಷಯ ಯಾರೂ ಹೇಳಲೇ ಇಲ್ಲ.

ತೊಂದರೆ ಹೀಗೆ. ಫೋಟೋ ಚೆಂದ ಬರ್ತದೆ. ವಿಡಿಯೋಗೆ ಹಾಕಿ ಬಟನ್ ಒತ್ತಿದರೆ ಕೆಂಪು ಚುಕ್ಕೆ ಬರ್ತದೆ, ಶುರುವಾಗ್ತದೆ. ಕೂಡಲೇ ಸ್ಕ್ರೀನಿನ ಬಲಬದಿಯಲ್ಲಿ ಸಣ್ಣ ಏಣಿಯಂಥದ್ದು ಒಂದೊಂದೇ ಮೆಟ್ಟಿಲು ಏರ್ತಾ ಹೋಗ್ತದೆ. ಅದು ತುದಿ ಮುಟ್ಟಿದ್ದೇ ರೆಕಾರ್ಡಿಂಗ್ ತಾನಾಗಿ ನಿಂತಿದೆ ಅಂತ ಇಂಗ್ಲಿಷಲ್ಲಿ ಬರ್ತದೆ. ಐದಾರು ಸೆಕೆಂಡಿನ ತುಂಡು ಮಾತ್ರ ಕಾರ್ಡಲ್ಲಿ ಉಳಿದಿರ್ತದೆ. ಅಷ್ಟರ ಮಟ್ಟಿಗೆ ಆ ತುಂಡು ಚೊಕ್ಕ ಉಂಟು, ಶಬ್ದವೂ ಉಂಟು.

ಕಾರ್ಡ್ 64 ಜಿಬಿ. ಮೇಲೆ ಕ್ಲಾಸ್ 10 ಅಂತಲೂ ದೊಡ್ಡಕ್ಕೆ 95 ಅಂತಲೂ ಬರೆದಿದೆ, ಹಾಗಾಗಿ ಅದು ವೇಗದ್ದೇ. ಬ್ಯಾಟರಿ ಬದಲಿಸಿ ನೋಡಿದೆ, ಲೆನ್ಸ್ ಬಿಚ್ಚಿ ಹಾಕಿದೆ, ಲ್ಯಾಪ್‌ಟಾಪಿನಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಎಂತದೂ ವ್ಯತ್ಯಾಸ ಇಲ್ಲ. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಕೊಟ್ಟರೆ, ಮೈನ್ ಬೋರ್ಡ್ ಹೋಗಿದೆ, ಬದಲಿಸಬೇಕು ಅಂದರು. ಅವರು ಹೇಳಿದ ಹಣಕ್ಕೆ ಸಾಧಾರಣದ ಒಂದು ಹೊಸ ಫೋನೇ ಬರ್ತದೆ ಮಾರಾಯ್ರೆ.

ಇಷ್ಟು ತಲೆಬಿಸಿ ಯಾಕೆಂದರೆ ನಮ್ಮ ಮನೆಯದ್ದು ಈ ಸಲ ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟ. ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಸರದಿ ಬಂದದ್ದು. ಆ ರಾತ್ರಿ ರೆಕಾರ್ಡ್ ಮಾಡಲೇಬೇಕು ಅಂತ ಅಮ್ಮನ ಆಸೆ. ಬೋರ್ಡ್ ಹಾಕಿಸುವುದಾ, ಬಿಡುವುದಾ?

ಇನ್ನೊಂದು, ಇದಕ್ಕೆ ಸಂಬಂಧ ಉಂಟೋ ಇಲ್ಲವೋ: ಮಾಣಿಯ ಉಪನಯನದ ಫೋಟೋಗಳಲ್ಲಿ ಕೊನೆಕೊನೆಯವು ಕೆಲವು ಅರ್ಧ ಬೂದು ಬಣ್ಣ ಬಂದಿವೆ, ಕೆಲವು ತೆರೆಯುವುದೇ ಇಲ್ಲ.

ಬಿಟ್‌ಬೈಟ್_ಬೆಂಗಳೂರು:

ಮೆನುವಿನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್ ರೀಸೆಟ್ ಮಾಡಿ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಅದಕ್ಕೂ ಸರಿಹೋಗದಿದ್ದರೆ ಮಾರಿಬಿಡಿ. ಈಗಿನ ಫೋನಿನ ವಿಡಿಯೋ ಮುಂದೆ 2012ರ ಡಿಎಸ್‌ಎಲ್‌ಆರ್ ಏನೂ ಅಲ್ಲ.

ಸ್ಟುಡಿಯೋ_ಸಾಗರ:

ಬೋರ್ಡಿಗೆ ಒಂದು ರೂಪಾಯಿ ಕೊಡಬೇಡಿ. ಫರ್ಮ್‌ವೇರಿಗೂ ಈಗಲೇ ಕೈ ಹಾಕಬೇಡಿ, ನಡುವೆ ಬ್ಯಾಟರಿ ಕೈಕೊಟ್ಟರೆ ಈಗ ಬರ್ತಿರೋ ಫೋಟೋ ಕೂಡ ಬರದ ಹಾಗಾಗುತ್ತೆ.

ನಾನು ಸಾಗರದಲ್ಲಿ ಮದುವೆ, ಗೃಹಪ್ರವೇಶ ತೆಗೆಯುವವನು. ದೊಡ್ಡ ವಿಎಚ್‌ಎಸ್ ಕ್ಯಾಸೆಟ್ಟನ್ನು ಹೆಗಲ ಮೇಲಿಟ್ಟುಕೊಂಡು ತೆಗೆದ ಕಾಲದಿಂದ ಇದೇ ಕೆಲಸ. ನೀವು ಬರೆದಿದ್ದರಲ್ಲೇ ಉತ್ತರ ಇದೆ: ಆ ಏಣಿ. ಅದು ಬೋರ್ಡಿನ ಕಾಯಿಲೆ ತೋರಿಸುವ ಗುರುತಲ್ಲ. ಕ್ಯಾಮೆರಾದೊಳಗಿನ ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಡೇಟಾ ನಿಲ್ಲುವ ಜಾಗ) ಎಷ್ಟು ತುಂಬಿದೆ ಅನ್ನೋದನ್ನು ತೋರಿಸುತ್ತೆ. ಪಂಪು ತೊಟ್ಟಿಗೆ ನೀರು ಬಿಡುತ್ತಾ ಇದೆ, ತೊಟ್ಟಿಯಿಂದ ತೋಟಕ್ಕೆ ಹೋಗುವ ಪೈಪು ಸಣ್ಣದು, ಹಾಗಿದ್ದರೆ ತೊಟ್ಟಿ ತುಂಬಿ ಚೆಲ್ಲಬೇಕು. ಕ್ಯಾಮೆರಾ ಚೆಲ್ಲೋದಿಲ್ಲ, ಪಂಪನ್ನೇ ನಿಲ್ಲಿಸುತ್ತೆ. ಫೋಟೋದಲ್ಲಿ ಇದು ಗೊತ್ತಾಗಲ್ಲ, ಏಕೆಂದರೆ ಒಂದು ಹೊಡೆದು ಇನ್ನೊಂದು ಹೊಡೆಯುವಷ್ಟರಲ್ಲಿ ಕಾರ್ಡಿಗೆ ನಿಧಾನಕ್ಕೆ ಬರೆದು ಮುಗಿಸೋಕೆ ಸಮಯ ಇರುತ್ತೆ. ವಿಡಿಯೋದಲ್ಲಿ ಬಿಡುವೇ ಇಲ್ಲ. ನಿಮ್ಮ ಕಾಲದ ಡಿಎಸ್‌ಎಲ್‌ಆರ್‌ಗಳು ಫುಲ್ ಎಚ್‌ಡಿಯಲ್ಲಿ ನಿಮಿಷಕ್ಕೆ ಸುಮಾರು 330 ಎಂಬಿ ಬರೆಯುತ್ತವೆ, ಅಂದರೆ ಸೆಕೆಂಡಿಗೆ ಐದೂವರೆ ಎಂಬಿ. ಅಷ್ಟನ್ನು ತಡೆಯಿಲ್ಲದೆ ನುಂಗುವ ಕಾರ್ಡ್ ಬೇಕು.

ಕ್ಲಾಸ್ 10 ಅಂದರೆ ಸೆಕೆಂಡಿಗೆ ಕಡಿಮೆ ಅಂದ್ರೂ 10 ಎಂಬಿ ಬರೆಯಲೇಬೇಕು. ಕ್ಲಾಸ್ 4 ಅಂದರೆ 4, ಕ್ಲಾಸ್ 6 ಅಂದರೆ 6. ಯು ಅಕ್ಷರದೊಳಗೆ 1 ಇದ್ದರೆ 10, 3 ಇದ್ದರೆ 30. ವಿ30 ಅಂತಿದ್ದರೂ 30. ಇವೆಲ್ಲ ಬರೆಯುವ ವೇಗದ ಮಾತು. ದೊಡ್ಡಕ್ಷರದ 95 ಇದೆಯಲ್ಲ, ಅದು ಸಾಮಾನ್ಯವಾಗಿ ಓದುವ ವೇಗ, ಕಂಪ್ಯೂಟರಿಗೆ ಕಾಪಿ ಮಾಡುವಾಗಿನ ಲೆಕ್ಕ. ರೆಕಾರ್ಡಿಂಗಿಗೆ ಅದರಿಂದ ಕವಡೆ ಕಾಸಿನ ಉಪಯೋಗ ಇಲ್ಲ. ಗಿರಾಕಿಯ ಕಣ್ಣಿಗೆ ಬೀಳಲಿ ಅಂತ ಅದನ್ನೇ ದಪ್ಪಗೆ ಅಚ್ಚು ಹಾಕ್ತಾರೆ.

ನಿಮ್ಮ ಕಾರ್ಡು ನಿಜಕ್ಕೂ ಕ್ಲಾಸ್ 10 ಆಗಿದ್ದರೆ ನಿಲ್ಲಬಾರದಿತ್ತು. ಹಾಗಾಗಿ ನನ್ನ ಅನುಮಾನ ಬೇರೆ, ಅದಕ್ಕೆ ಕಾರಣ ನೀವು ಕೊನೆಗೆ ಸಂಬಂಧ ಉಂಟೋ ಇಲ್ಲವೋ ಅಂತ ಹಾಕಿದ ಆ ಬೂದು ಫೋಟೋ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಖರ್ಚಿಲ್ಲದ ಪರೀಕ್ಷೆ ಒಂದು ಮಾಡಿ. ವಿಡಿಯೋ ಮೆನುವಿನಲ್ಲಿ ಸೈಜನ್ನು 1920ರಿಂದ 640ಕ್ಕೆ ಇಳಿಸಿ. ಅದಕ್ಕೆ ಸೆಕೆಂಡಿಗೆ ಒಂದೂವರೆ ಎಂಬಿಗಿಂತ ಕಡಿಮೆ ಸಾಕು. ಗೋಡೆ ಗಡಿಯಾರದ ಮುಂದೆ ಇಟ್ಟು ಹತ್ತು ನಿಮಿಷ ಬಿಡಿ. ನಿಲ್ಲದೆ ಓಡಿದರೆ ನಿಮ್ಮ ಬೋರ್ಡು, ಸೆನ್ಸರು, ಮೈಕು ಎಲ್ಲ ನೆಟ್ಟಗಿವೆ ಅಂತ ಅರ್ಥ.

ಅಂದಹಾಗೆ, ಆ ಅಂಗಡಿಯವರು ತಮ್ಮದೇ ಒಂದು ಕಾರ್ಡ್ ಹಾಕಿ ನೋಡಿದ್ರಾ? ಹಾಕಿ ನೋಡದೆ ಬೋರ್ಡ್ ಅಂದಿದ್ದರೆ ಆ ಕಡೆ ತಲೆ ಹಾಕಬೇಡಿ.

ಚಂಡೆಪೆಟ್ಟು:

ಅವರು ಕಾರ್ಡ್ ಹಾಕಿ ನೋಡಿದ್ದು ನನಗೆ ಕಾಣಲಿಲ್ಲ. ಒಳಗೆ ಕೊಂಡುಹೋಗಿ ಬಂದು ಬೋರ್ಡ್ ಅಂದದ್ದು.

640ಕ್ಕೆ ಇಳಿಸಿ ಇಟ್ಟೆ. ಓಡಿತು! ಏಣಿ ಎರಡನೇ ಮೆಟ್ಟಿಲು ದಾಟಲಿಲ್ಲ. ಚಿತ್ರ ಮಾತ್ರ ಹಳೆ ಕಾಲದ ಕೇಬಲ್ ಟಿವಿ ನೋಡಿದ ಹಾಗುಂಟು. ಇದರಲ್ಲಿ ಆಟ ತೆಗೆದರೆ ವೇಷದ ಮುಖವರ್ಣಿಕೆ ಎಂತದೂ ಕಾಣ್ಲಿಕ್ಕಿಲ್ಲ.

ಸ್ಟುಡಿಯೋ_ಸಾಗರ:

ಸರಿ, ಬೋರ್ಡಿನ ಕಥೆ ಅಲ್ಲಿಗೆ ಮುಗೀತು.

ಈಗ ಬೂದು ಫೋಟೋ. ನಕಲಿ ಕಾರ್ಡ್ ಮಾಡೋರು ಏನು ಮಾಡ್ತಾರೆ ಅಂದ್ರೆ, ಒಳಗೆ 8 ಜಿಬಿಯ ಚಿಪ್ಪು ಹಾಕಿ, ಅದರ ಕಂಟ್ರೋಲರಿಗೆ ನೀನು 64 ಅಂತ ಹೇಳು ಅಂತ ಬರೆದಿಡ್ತಾರೆ. ಕ್ಯಾಮೆರಾ ಕೇಳಿದರೆ 64 ಅನ್ನುತ್ತೆ, ಲ್ಯಾಪ್‌ಟಾಪ್ ಕೇಳಿದರೂ ಅದನ್ನೇ ಅನ್ನುತ್ತೆ. ಫಾರ್ಮ್ಯಾಟ್ ಮಾಡಿದರೂ ಸಿಕ್ಕಿಬೀಳಲ್ಲ, ಯಾಕಂದ್ರೆ ಮಾಮೂಲಿ ಫಾರ್ಮ್ಯಾಟ್ ಇಡೀ ಕಾರ್ಡನ್ನು ಮುಟ್ಟಿ ನೋಡೋದಿಲ್ಲ. ಮೊದಲ ಎಂಟು ಜಿಬಿವರೆಗೆ ಎಲ್ಲ ಚೆಂದ. ಆಮೇಲೆ ತೆಗೆದದ್ದು ಎಲ್ಲಿಗೂ ಹೋಗಲ್ಲ, ಇಲ್ಲಾಂದ್ರೆ ಹಳೆಯದರ ಮೇಲೆ ಕೂರುತ್ತೆ. ಪಟ್ಟಿಯಲ್ಲಿ ಹೆಸರು ಇರುತ್ತೆ, ಫೋಟೋ ಇರಲ್ಲ. ಉಪನಯನದಲ್ಲಿ ಶುರುವಿನ ಫೋಟೋ ಸರಿಯಿದ್ದು ಕೊನೆಯವು ಕೆಟ್ಟಿವೆ ಅಂದ್ರಲ್ಲ, ಅದೇ. ಇಂಥ ಚಿಪ್ಪುಗಳ ಬರೆಯುವ ವೇಗವೂ ಅಷ್ಟಕ್ಕಷ್ಟೇ.

ಖಾತ್ರಿ ಮಾಡಿಕೊಳ್ಳೋಕೆ ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಪ್ರೋಗ್ರಾಂ ಇದೆ. ಒಂದು ಜರ್ಮನ್ ಕಂಪ್ಯೂಟರ್ ಪತ್ರಿಕೆಯವರು ಮಾಡಿದ್ದು, ಹಳೆಯದು, ಈಗಲೂ ಕೆಲಸ ಮಾಡುತ್ತೆ. ಶುರುವಿನಲ್ಲಿ ಇಂಗ್ಲಿಷ್ ಆರಿಸಿಕೊಳ್ಳಿ. ಲಿನಕ್ಸ್, ಮ್ಯಾಕ್ ಇದ್ದವರಿಗೆ ಎಫ್3 ಅಂತ ಇದೆ. ಇದು ಕಾರ್ಡಿನ ತುಂಬಾ ಗೊತ್ತಿರುವ ಡೇಟಾ ಬರೆದು, ಮತ್ತೆ ಓದಿ, ಬರೆದದ್ದೇ ಬಂತಾ ಅಂತ ತಾಳೆ ನೋಡುತ್ತೆ. ಚೆನ್ನಾಗಿರುವ ಫೋಟೋಗಳನ್ನೆಲ್ಲ ಮೊದಲು ಲ್ಯಾಪ್‌ಟಾಪಿಗೆ ಎಳೆದುಕೊಳ್ಳಿ, ಕಾರ್ಡ್ ಖಾಲಿ ಮಾಡಿ, ಆಮೇಲೆ ಹಚ್ಚಿ. ನಿಧಾನದ ಕಾರ್ಡಾದರೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಚ್ಚಿ ಮಲಗಿಬಿಡಿ.

ಆ ಬೂದು ಫೋಟೋಗಳನ್ನು ವಾಪಸ್ ತರಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಳಿಸಿಹೋದದ್ದನ್ನು ಎಷ್ಟೋ ಸಲ ತರಬಹುದು. ಚಿಪ್ಪಿನ ಮೇಲೆ ಬರೆಯದೇ ಇದ್ದದ್ದನ್ನು ಎಲ್ಲಿಂದ ತರ್ತಾರೆ?

ಗುಬ್ಬಿಗೂಡು_ಧಾರವಾಡ:

ನಡುವ ಬಾಯಿ ಹಾಕತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಸಣ್ಣ ಪಾಯಿಂಟ್ ಆ್ಯಂಡ್ ಶೂಟ್ ಕ್ಯಾಮೆರಾನೂ ಹಿಂಗ ಮಾಡತಿತ್ರಿ. ಫೋಟೋ ಹತ್ತೋ ಹದಿನೈದೋ ತಗೀತಿತ್ತು, ವಿಡಿಯೋ ಅಂದ್ರ ಕಾರ್ಡ್ ಫುಲ್ ಅಂತಿತ್ತು. ಕಾರ್ಡ್ ತಗದು ನೋಡಿದ್ರ ಒಳಗ ಒಂದು ಫೈಲೂ ಇಲ್ಲ! ತಮ್ಮನ ಮ್ಯಾಕ್‌ಬುಕ್ಕಿನ್ಯಾಗ ಡಿಲೀಟ್ ಮಾಡತಿದ್ವಿ ನಾವು. ಮ್ಯಾಕ್‌ನ್ಯಾಗ ಡಿಲೀಟ್ ಮಾಡಿದ್ದು ಆ ಕಾರ್ಡಿನ್ಯಾಗ ಕಾಣದಂಥ ಒಂದು ಕಸದ ಫೋಲ್ಡರಿನ್ಯಾಗ ಹೋಗಿ ಕುಂದ್ರತೈತಂತ. ಕಾರ್ಡ್ ಹಾಕಿಕೊಂಡೇ ಟ್ರ್ಯಾಶ್ ಖಾಲಿ ಮಾಡಬೇಕು, ಇಲ್ಲಾಂದ್ರ ಜಾಗ ವಾಪಸ್ ಬರೂದಿಲ್ಲ. ಕ್ಯಾಮೆರಾದಾಗ ಫಾರ್ಮ್ಯಾಟ್ ಹೊಡದ ಮ್ಯಾಲ ಎಲ್ಲಾ ಸರಿ ಆತು. ಚಂಡೆಪೆಟ್ಟು ಅವರದು ಬ್ಯಾರೆ ಕಥಿ ಅನಸ್ತೈತಿ, ಆದ್ರ ಓದೋ ಮಂದಿಗೆ ಇದೂ ಗೊತ್ತಿರಲಿ.

ಸ್ಟುಡಿಯೋ_ಸಾಗರ:

ಅಕ್ಕಾ, ಒಳ್ಳೇ ಮಾತು ಹೇಳಿದ್ರಿ. ಫಾರ್ಮ್ಯಾಟ್ ಯಾವತ್ತೂ ಕ್ಯಾಮೆರಾದಲ್ಲೇ ಮಾಡೋದು. ಅಲ್ಲೇ ಲೋ ಲೆವೆಲ್ ಅಂತ ಒಂದು ಟಿಕ್ ಇದ್ದರೆ ಅದನ್ನೂ ಹಾಕಿ. ಎಷ್ಟೋ ವರ್ಷ ಬರೆದು ಅಳಿಸಿ ಜಡ್ಡಾದ ಒಳ್ಳೇ ಕಾರ್ಡುಗಳು ಅದರಿಂದ ಮತ್ತೆ ಚುರುಕಾಗೋದುಂಟು.

ಇನ್ನು ಘಟ್ಟದ ಮೇಲಿನ, ಕೆಳಗಿನ ನಮ್ಮಂಥವರಿಗೆ ಅಂತಲೇ ಒಂದು ತೊಂದರೆ ಇದೆ: ಮಳೆಗಾಲ. ಆಷಾಢದಲ್ಲಿ ಬ್ಯಾಗಿನೊಳಗೆ ಇಟ್ಟ ಕ್ಯಾಮೆರಾ ದೀಪಾವಳಿಗೆ ತೆಗೆದರೆ ಲೆನ್ಸಿನಲ್ಲಿ ಬೂಷ್ಟು, ಕಾರ್ಡಿನ ಹಳದಿ ಪಟ್ಟಿಗಳ ಮೇಲೆ ಮಂಕು. ಆ ಮಂಕಿನಿಂದಲೂ ಬರೆಯೋದು ತಡವರಿಸುತ್ತೆ. ಮೆಡಿಕಲ್ ಶಾಪಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತೆ, ಹತ್ತಿಗೆ ಎರಡು ಹನಿ ಹಾಕಿ ಕಾರ್ಡಿನ ಪಟ್ಟಿ ಒರೆಸಿ, ಒಣಗಿಸಿ ಹಾಕಿ. ಕ್ಯಾಮೆರಾದ ಸ್ಲಾಟಿನೊಳಗೆ ಕಡ್ಡಿ, ಪಿನ್ನು ಏನೂ ತೂರಿಸಬೇಡಿ, ಅಲ್ಲಿನ ತಂತಿಗಳು ಕೂದಲಿನಷ್ಟು ಸಪೂರ. ಫೋನಿನ ಮೈಕ್ರೋ ಕಾರ್ಡನ್ನು ಅಡಾಪ್ಟರಿಗೆ ಹಾಕಿ ಬಳಸುವವರು ಆ ಅಡಾಪ್ಟರನ್ನೇ ಮೊದಲು ಅನುಮಾನಿಸಿ.

ಚಂಡೆಪೆಟ್ಟು:

ಟೆಸ್ಟ್ ಬೆಳಿಗ್ಗೆ ಮುಗಿಯಿತು. ಕೆಂಪು ಅಕ್ಷರದಲ್ಲಿ ಬಂದಿದೆ. 7 ಜಿಬಿ ಚಿಲ್ಲರೆ ಮಾತ್ರ ಸರಿ ಉಂಟಂತೆ, ಉಳಿದದ್ದೆಲ್ಲ ಹೋಗಿದೆ. ಬರೆಯುವ ವೇಗ ಸೆಕೆಂಡಿಗೆ 3 ಎಂಬಿ ಚಿಲ್ಲರೆ. 64 ಅಂತ ಬರೆದ ಆ ಸ್ಟಿಕ್ಕರ್ ಎಷ್ಟು ನುಣ್ಣಗೆ ಉಂಟು ಅಂದರೆ, ಕಂಪನಿಯವರೇ ಕಂಡರೂ ತಮ್ಮದೇ ಅಂತ ಹೇಳಿಯಾರು.

ಭಾವನಿಗೆ ಫೋನ್ ಮಾಡಿದೆ. ಊರಿಗೆ ಬಂದಾಗ ಯಾವುದೋ ಆನ್‌ಲೈನ್ ಆಫರಿನಲ್ಲಿ ತೆಗೊಂಡದ್ದಂತೆ. ಸ್ಟುಡಿಯೋದವರೇ, ಹೊಸತು ಎಂತದ್ದು ತೆಗೊಳ್ಳಲಿ? ಮತ್ತೆ ಇಡೀ ರಾತ್ರಿಯ ಆಟ ಇದರಲ್ಲಿ ಹಿಡಿಯಬಹುದಾ?

ಸ್ಟುಡಿಯೋ_ಸಾಗರ:

ಬಿಲ್ ಕೊಡುವ, ಮೊದಲಿಂದ ಪರಿಚಯ ಇರುವ ಅಂಗಡಿಯಲ್ಲಿ 32 ಜಿಬಿಯ ಕ್ಲಾಸ್ 10 ಕಾರ್ಡ್ ನಾಲ್ಕು ತಗೊಳ್ಳಿ. ನಿಮ್ಮ ಕ್ಯಾಮೆರಾಗೆ ಯು3, ವಿ30 ಬೇಕಿಲ್ಲ, ಅಂಗಡಿಯವ ಒತ್ತಾಯಿಸಿದರೂ ಬೇಡ. ಮನೆಗೆ ತಂದ ದಿನವೇ ನಾಲ್ಕಕ್ಕೂ ಅದೇ ಟೆಸ್ಟ್ ಹಚ್ಚಿ. 128ರ ಒಂದೇ ಕಾರ್ಡ್ ಯಾಕೆ ಬೇಡ ಅಂದ್ರೆ, ಅದು ಕೈಕೊಟ್ಟರೆ ಇಡೀ ರಾತ್ರಿ ಹೋಯ್ತು. 32ರಲ್ಲಿ ಒಂದೂವರೆ ಗಂಟೆ ಹಿಡಿಯುತ್ತೆ.

ಇಡೀ ರಾತ್ರಿಯ ವಿಷಯಕ್ಕೆ ಬಂದರೆ, ಈ ಕ್ಯಾಮೆರಾ ಅದಕ್ಕಾಗಿ ಹುಟ್ಟಿದ್ದಲ್ಲ. ಹೊಸ ಕಾರ್ಡ್ ಹಾಕಿದ ಮೇಲೆ ಮತ್ತೆ ನಿಂತಿತು ಅಂತ ಗಾಬರಿ ಆಗಬಾರದು, ಅದಕ್ಕೇ ಈಗಲೇ ಹೇಳ್ತೀನಿ. 2010ರ ಸುಮಾರಿನ ಡಿಎಸ್‌ಎಲ್‌ಆರ್‌ಗಳು ಫೈಲು 4 ಜಿಬಿ ಆದ ಕೂಡಲೇ ನಿಲ್ತಿದ್ದವು, ಅಂದರೆ ಹನ್ನೆರಡು ನಿಮಿಷಕ್ಕೆ. ಫ್ಯಾಟ್32 ಅನ್ನೋ ಪದ್ಧತಿಯಲ್ಲಿ ಅದಕ್ಕಿಂತ ದೊಡ್ಡ ಫೈಲು ಇರೋ ಹಾಗಿಲ್ಲ. ಆಮೇಲಿನ ಮಾದರಿಗಳು ತಾವಾಗಿಯೇ ಹೊಸ ಫೈಲ್ ತೆರೆದು ಮುಂದುವರಿಸ್ತವೆ, ಆದರೆ 29 ನಿಮಿಷ 59 ಸೆಕೆಂಡಿಗೆ ನಿಲ್ತವೆ. ಆ ಒಂದು ಸೆಕೆಂಡಿನ ಹಿಂದೆ ಸುಂಕದ ಲೆಕ್ಕ ಇದೆ. ಅರ್ಧ ಗಂಟೆ ಅಥವಾ ಅದಕ್ಕಿಂತ ಹೆಚ್ಚು ಒಂದೇ ಸಮನೆ ರೆಕಾರ್ಡ್ ಮಾಡುವ ಯಂತ್ರವನ್ನು ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾ ಅಂತ ಎಣಿಸಿ ಬೇರೆ ಸುಂಕ ಹಾಕ್ತಿದ್ದರು. ಅವರ ಸುಂಕಕ್ಕೆ ಕುಂದಾಪುರದ ಬಯಲಾಟ ಅರ್ಧ ಗಂಟೆಗೊಮ್ಮೆ ತುಂಡಾಗಬೇಕು! ಏನು ಮಾಡೋದು, ಒಂದು ವೇಷ ಒಳಗೆ ಹೋಗಿ ಇನ್ನೊಂದರ ಪ್ರವೇಶಕ್ಕೆ ಮುಂಚೆ ನೀವೇ ನಿಲ್ಲಿಸಿ ಮತ್ತೆ ಒತ್ತಿ. ಗಡಿಯಾರ ನೋಡಿಕೊಂಡಿರಿ. ಬಣ್ಣದ ವೇಷದ ಪ್ರವೇಶದ ನಡುವೆ ನಿಂತರೆ ಅಮ್ಮ ಬಿಡ್ತಾರಾ?

ಬ್ಯಾಟರಿ ವಿಡಿಯೋದಲ್ಲಿ ಒಂದೂವರೆ ಗಂಟೆ ಬಂದರೆ ಹೆಚ್ಚು. ನಕಲಿ ಬ್ಯಾಟರಿ ಅಂತ ಒಂದು ಸಿಗುತ್ತೆ, ಇದು ಒಳ್ಳೇ ಅರ್ಥದ ನಕಲಿ: ಬ್ಯಾಟರಿ ಆಕಾರದ ಪ್ಲಾಸ್ಟಿಕ್ಕು, ಅದರಿಂದ ವೈರು, ಕರೆಂಟಿಗೆ ಅಡಾಪ್ಟರು. ಬ್ಯಾಟರಿ ಮುಚ್ಚಳದ ಬದಿಯಲ್ಲಿ ಸಣ್ಣ ರಬ್ಬರ್ ಕಿಂಡಿ ಇರುತ್ತೆ ನೋಡಿ, ಅದು ಆ ವೈರಿಗಂತಲೇ ಇರೋದು. ಆಟದ ಜನರೇಟರಿನಿಂದ ನೇರ ಕೊಡಬೇಡಿ, ಲೈಟ್ ಹಾಕಿ ತೆಗೆದಾಗೆಲ್ಲ ವೋಲ್ಟೇಜ್ ಕುಣಿಯುತ್ತೆ. ನಡುವೆ ಒಂದು ಯುಪಿಎಸ್ ಇರಲಿ. ಸೆಕೆ ರಾತ್ರಿಯಲ್ಲಿ ಬಹಳ ಹೊತ್ತು ಓಡಿದರೆ ಸ್ಕ್ರೀನಿನ ಮೇಲೆ ಥರ್ಮಾಮೀಟರಿನಂಥ ಗುರುತು ಬರಬಹುದು. ಬಂದರೆ ಸುಮ್ಮನೆ ಆಫ್ ಮಾಡಿ, ಒಂದು ಚಾ ಕುಡಿದು ಬನ್ನಿ.

ಬಿಟ್‌ಬೈಟ್_ಬೆಂಗಳೂರು:

ಇಷ್ಟೆಲ್ಲ ಮಾಡೋದಕ್ಕಿಂತ ಟ್ರೈಪಾಡಿನ ಮೇಲೆ ಫೋನ್ ಇಟ್ಟು ಚಾರ್ಜರ್ ಸಿಕ್ಕಿಸೋದು ಸುಲಭ ಅಂತ ನನಗೆ ಈಗಲೂ ಅನ್ನಿಸುತ್ತೆ.

ಸ್ಟುಡಿಯೋ_ಸಾಗರ:

ಸುಲಭ ಹೌದು, ಇಲ್ಲ ಅನ್ನಲ್ಲ. ಅದನ್ನೂ ಇಡಲಿ, ಇಡೀ ರಂಗಸ್ಥಳ ಕಾಣೋ ಹಾಗೆ ಒಂದು ಕಡೆ. ಮುಖ ಹತ್ತಿರದಿಂದ ಬೇಕಾದಾಗ, ಸಭೆಯ ಹಿಂದೆ ಕೂತು ಉದ್ದ ಲೆನ್ಸಿನಲ್ಲಿ ತೆಗೆದದ್ದಕ್ಕೂ ಫೋನಿನಲ್ಲಿ ಎಳೆದು ದೊಡ್ಡದು ಮಾಡಿದ್ದಕ್ಕೂ ಇರುವ ಅಂತರ ಅಮ್ಮನಿಗೇ ಗೊತ್ತಾಗುತ್ತೆ.

ಚಂಡೆಪೆಟ್ಟು:

ಹೊಸ ಕಾರ್ಡ್ ಬಂತು, ಟೆಸ್ಟಿನಲ್ಲಿ ನಾಲ್ಕೂ ಪಾಸು. ಫುಲ್ ಎಚ್‌ಡಿಯಲ್ಲಿ ಏಣಿ ಕಾಣಿಸುವುದೇ ಇಲ್ಲ ಈಗ! ನಿನ್ನೆ ಪಕ್ಕದೂರಿನ ಆಟಕ್ಕೆ ಹೋಗಿ ಸ್ವಲ್ಪ ತೆಗೆದೆ. ಎರಡು ತಕರಾರು. ಒಂದು, ಟ್ಯೂಬ್‌ಲೈಟ್ ಇದ್ದ ಬದಿಯಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹೋಗ್ತಾ ಇರ್ತವೆ. ಇನ್ನೊಂದು, ಚಂಡೆಗೆ ಪೆಟ್ಟು ಬಿದ್ದ ಕೂಡಲೇ ಭಾಗವತರ ಸ್ವರ ಒಮ್ಮೆಲೇ ಕುಗ್ಗಿ ಹೋಗ್ತದೆ, ಮತ್ತೆ ನಿಧಾನಕ್ಕೆ ಮೇಲೆ ಬರ್ತದೆ. ಅಮ್ಮ ಕೇಳಿ, ಭಾಗವತರಿಗೆ ಉಬ್ಬಸವಾ ಅಂದಳು.

ಸ್ಟುಡಿಯೋ_ಸಾಗರ:

ಪಟ್ಟಿ ಬರೋದು ಅಮೆರಿಕದ ಕ್ಯಾಮೆರಾ ಅಂತ. ಅಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50. ಮೆನುವಿನಲ್ಲಿ ವಿಡಿಯೋ ಸಿಸ್ಟಂ ಅಂತ ಹುಡುಕಿ, ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಇರೋದನ್ನು ಪಾಲ್ (ನಮ್ಮ ಕಡೆಯ ಪದ್ಧತಿ) ಮಾಡಿ. ಆಗ 30ರ ಬದಲು 25 ಫ್ರೇಮು ಬರುತ್ತೆ. ಎಕ್ಸ್‌ಪೋಷರನ್ನು ಮ್ಯಾನ್ಯುಯಲ್‌ಗೆ ಹಾಕಿ ಶಟರ್ 1/50ಕ್ಕೆ ಇಡಿ, ಪಟ್ಟಿ ಹೋಗುತ್ತೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ ನೋಡಿಕೊಂಡು ಏರಿಸಿ.

ಶಬ್ದದ್ದು ಆಟೋ ಮಾಡೋ ಚೇಷ್ಟೆ. ದೊಡ್ಡ ಶಬ್ದ ಬಂದ ತಕ್ಷಣ ಕ್ಯಾಮೆರಾ ಹೆದರಿ ಎಲ್ಲವನ್ನೂ ತಗ್ಗಿಸುತ್ತೆ. ಸೌಂಡ್ ರೆಕಾರ್ಡಿಂಗ್ ಮ್ಯಾನ್ಯುಯಲ್ ಮಾಡಿ. ಲೆವೆಲ್ ಕೂರಿಸಬೇಕಾದ್ದು ಆಟ ಶುರುವಾಗುವ ಮುಂಚೆ ಚಂಡೆ ಜೋರಾಗಿ ಬಾರಿಸ್ತಾರಲ್ಲ, ಆಗ. ಆ ಜೋರಿಗೆ ಗೆರೆ ಮೈನಸ್ 12ರ ಹತ್ತಿರ ಬರಲಿ. ಸೊನ್ನೆ ಮುಟ್ಟಿದರೆ ಒಡೆದುಹೋಗುತ್ತೆ, ಅದನ್ನು ಆಮೇಲೆ ಯಾರೂ ಸರಿಮಾಡೋಕೆ ಆಗಲ್ಲ. ಕಡಿಮೆ ಇದ್ದರೆ ಕಂಪ್ಯೂಟರಿನಲ್ಲಿ ಏರಿಸಿಕೊಳ್ಳಬಹುದು. ಸಾಧ್ಯವಾದರೆ ಮೈಕಿನವರ ಮಿಕ್ಸರ್ ಹತ್ತಿರ ಹೋಗಿ, ರೆಕಾರ್ಡಿಂಗಿಗೆ ಒಂದು ಲೈನ್ ಕೊಡ್ತೀರಾ ಕೇಳಿ. ಅದನ್ನು ಬೇರೆ ರೆಕಾರ್ಡರಿಗೆ ಹಾಕಿ, ಕ್ಯಾಮೆರಾದ ಮೈಕ್ ಕಿಂಡಿಗೆ ಸೀದಾ ಸಿಕ್ಕಿಸಬೇಡಿ, ಲೈನಿನ ಜೋರು ಅದಕ್ಕೆ ತಡೆಯಲ್ಲ.

ಗುಬ್ಬಿಗೂಡು_ಧಾರವಾಡ:

ಚಂಡೆಪೆಟ್ಟು ಅವರ, ಆಟ ಮುಗಿದ ಮ್ಯಾಲ ಎಲ್ಲಾರ ಹಾಕತೀರೇನ್ರಿ? ನಾವು ಈ ಕಡೆ ದೊಡ್ಡಾಟ, ಸಣ್ಣಾಟ ನೋಡಿದಾವ್ರು. ನಿಮ್ಮ ಕಡೆ ಮೇಳ ಕಂಡಿಲ್ಲ.

ಚಂಡೆಪೆಟ್ಟು:

ಮನೆಯವರಿಗೆ ನೋಡ್ಲಿಕ್ಕೆ ಅಂತ ರೆಕಾರ್ಡ್ ಮಾಡ್ಲಿಕ್ಕೆ ಮೇಳದವರು ಒಪ್ಪಿದ್ದಾರೆ ಅಕ್ಕ. ಹೊರಗೆ ಹಾಕುವುದಾದರೆ ಭಾಗವತರನ್ನೂ ಕಲಾವಿದರನ್ನೂ ಕೇಳಿಯೇ ಹಾಕಬೇಕಷ್ಟೆ. ಪಾಲ್ ಮಾಡಿದೆ, ಪಟ್ಟಿ ಹೋಯ್ತು. ಮೈಕಿನವರು ಲೈನ್ ಕೊಡ್ತೇನೆ ಅಂದಿದ್ದಾರೆ, ವೈರ್ ಮಾತ್ರ ನಾವೇ ತರಬೇಕಂತೆ. ಸ್ಟುಡಿಯೋದವರೇ, ಅದು ದಪ್ಪ ಪಿನ್ನಿಂದಾ, ಸಪೂರ ಪಿನ್ನಿಂದಾ?

ಸ್ಟುಡಿಯೋ_ಸಾಗರ:

ಮಿಕ್ಸರ್ ಬದಿಗೆ ಸಾಮಾನ್ಯವಾಗಿ ದಪ್ಪದ್ದು, ಕಾಲು ಇಂಚಿಂದು. ನಿಮ್ಮ ರೆಕಾರ್ಡರ್ ಬದಿಗೆ 3.5 ಎಂಎಂ ಇದ್ದೀತು. ಮೈಕಿನವರ ಡಬ್ಬದ ಹಿಂಭಾಗದ ಒಂದು ಫೋಟೋ ತೆಗೆದು ಹಾಕಿ, ನೋಡಿ ಹೇಳ್ತೀನಿ.